ಹಡಗುಹಾದಿಯ ಡಿಕ್ಕಿಗಳು, ಮುಳುಗಡೆ ಹಡಗುಗಳು ಮತ್ತು ಕರಾವಳಿಯ ವ್ಯಾಪಾರ

ಭಟ್ಕಳ, ಹೊನ್ನಾವರ, ಕುಮಟಾ ಈ ಮೂರೂ ಪಟ್ಟಣಗಳು ಬೆಳೆದುದು ಹಡಗುಗಳ ದೆಸೆಯಿಂದ. ಭಟ್ಕಳದ ರೇವಿನಲ್ಲಿ ವಿಜಯನಗರಕ್ಕೆ ಹೋಗಬೇಕಾದ ಕುದುರೆಗಳು ಇಳಿಯುತ್ತಿದ್ದವು, ಅಕ್ಕಿ ಹಡಗೇರುತ್ತಿತ್ತು. ಹೊನ್ನಾವರದ ಕಾಳುಮೆಣಸಿಗಾಗಿ ಪೋರ್ಚುಗೀಸರು ಕೋಟೆ ಕಟ್ಟಿದರು. ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಕುಮಟಾದಲ್ಲಿ ಹಡಗೇರುತ್ತಿದ್ದುದರಿಂದ 19ನೆಯ ಶತಮಾನದಲ್ಲಿ ಅದು ‘ಕುಮಟಾ ಹತ್ತಿ’ ಎಂದೇ ಹೆಸರಾಗಿತ್ತು. ಇಂದು ದೊಡ್ಡ ಹಡಗುಗಳು ಈ ಊರುಗಳಲ್ಲಿ ನಿಲ್ಲುವುದಿಲ್ಲ. ಕೊಲಂಬೊ ಮತ್ತು ಕೊಚ್ಚಿಯ ಕಡೆಯಿಂದ ಮುಂಬಯಿ, ನಾವಾಶೇವಾ, ಮುಂದ್ರಾಗಳಿಗೂ ಪರ್ಷಿಯನ್ ಕೊಲ್ಲಿಗೂ ಹೋಗಿಬರುವ ಕಂಟೇನರ್ ಹಡಗುಗಳು, ತೈಲ ಹಡಗುಗಳು ದಡಕ್ಕೆ ಕಾಣದಷ್ಟು ದೂರದಲ್ಲಿ ಸಾಗಿಹೋಗುತ್ತವೆ. ಅವುಗಳಿಂದ ಈ ತಾಲೂಕುಗಳಿಗೆ ಸುಂಕವಿಲ್ಲ, ಕೂಲಿಯಿಲ್ಲ, ಬಾಡಿಗೆಯಿಲ್ಲ. ಆದರೆ ಅಪಾಯದಲ್ಲಿ ಮಾತ್ರ ಪಾಲು ಉಳಿದುಕೊಂಡಿದೆ.

ಆ ಪಾಲು ಏನೆಂಬುದು 2018ರ ಡಿಸೆಂಬರ್‌ನಲ್ಲಿ ಎಲ್ಲರಿಗೂ ತಿಳಿಯಿತು. ಡಿಸೆಂಬರ್ 13ರಂದು ಮಲ್ಪೆ ಬಂದರಿನಿಂದ ಹೊರಟ ‘ಸುವರ್ಣ ತ್ರಿಭುಜ’ ಎಂಬ ಆಳಸಮುದ್ರದ ಮೀನುಗಾರಿಕಾ ಬೋಟು 15ರ ಬಳಿಕ ಸಂಪರ್ಕಕ್ಕೆ ಸಿಗಲಿಲ್ಲ. ಅದರಲ್ಲಿದ್ದ 7 ಮಂದಿಯಲ್ಲಿ ಇಬ್ಬರು ಮಲ್ಪೆಯ ಕಡೆಯವರು, ಉಳಿದವರು ಕುಮಟಾ, ಭಟ್ಕಳ ಸೇರಿದಂತೆ ಉತ್ತರ ಕನ್ನಡದ ಕರಾವಳಿಯವರು. 2019ರ ಜನವರಿ 6ರಂದು ಮೀನುಗಾರರು ಉಡುಪಿಯಲ್ಲಿ ರಾಷ್ಟ್ರೀಯ ಹೆದ್ದಾರಿ ತಡೆದು ಪ್ರತಿಭಟಿಸಿದರು. ಕೊನೆಗೆ 2019ರ ಮೇ 1ರಂದು ನೌಕಾದಳದ ‘ನಿರೀಕ್ಷಕ್’ ನೌಕೆ ಮಹಾರಾಷ್ಟ್ರದ ಮಾಲ್ವಣದಿಂದ ಸುಮಾರು 33 ಕಿಲೋಮೀಟರ್ ದೂರದಲ್ಲಿ, 60 ಮೀಟರ್ ಆಳದಲ್ಲಿ ಬೋಟಿನ ಅವಶೇಷವನ್ನು ಗುರುತಿಸಿತು. ಜನ ಸಿಗಲಿಲ್ಲ. ದೊಡ್ಡ ನೌಕೆಯೊಂದು ಬಡಿದೇ ಬೋಟು ಮುಳುಗಿತೆಂಬ ಆರೋಪವನ್ನು ಕುಟುಂಬದವರೂ ಮೀನುಗಾರ ಸಂಘಟನೆಗಳೂ ಮಾಡಿದರು. ಆ ರಾತ್ರಿ ಬೋಟು ಯಾವ ಗಂಟೆಗೆ ಎಲ್ಲಿತ್ತು, ಯಾವ ದಿಕ್ಕಿಗೆ ಹೋಗುತ್ತಿತ್ತು ಎಂಬುದಕ್ಕೆ ಬೋಟಿನ ಕಡೆಯಿಂದ ಮುಂದಿಡಬಹುದಾದ ದಾಖಲೆ ದಡದಲ್ಲಿ ಇರಲಿಲ್ಲ.

ಇದರ ಪಕ್ಕಕ್ಕೆ ಇನ್ನೊಂದು ಘಟನೆಯನ್ನು ಇಟ್ಟು ನೋಡಬೇಕು. 2021ರ ಏಪ್ರಿಲ್ 13ರ ನಸುಕಿನಲ್ಲಿ ಮಂಗಳೂರಿನಿಂದ ಸುಮಾರು 43 ನಾಟಿಕಲ್ ಮೈಲು, ಎಂದರೆ 80 ಕಿಲೋಮೀಟರ್ ದೂರದಲ್ಲಿ ಕೇರಳದ ಬೇಪೂರಿನ ‘ರಬಾ’ ಎಂಬ ಬೋಟಿಗೂ ಸಿಂಗಪುರದಲ್ಲಿ ನೋಂದಣಿಯಾದ ‘ಎಪಿಎಲ್ ಲ ಹಾವ್ರ್’ ಎಂಬ ಕಂಟೇನರ್ ಹಡಗಿಗೂ ಡಿಕ್ಕಿಯಾಯಿತು. ಬೋಟಿನಲ್ಲಿದ್ದ 14 ಮಂದಿಯಲ್ಲಿ ಬದುಕಿದವರು ಇಬ್ಬರು. ಜೀವಹಾನಿ ಇಲ್ಲಿ ಹೆಚ್ಚು; ಆದರೂ ಹಡಗು ಯಾವುದು, ಧ್ವಜ ಯಾವುದು, ಸ್ಥಳ ಯಾವುದು ಎಂಬ ಪ್ರಶ್ನೆ ಮೊದಲ ದಿನವೇ ಬಗೆಹರಿದಿತ್ತು. 2012ರ ಮಾರ್ಚ್ 1ರಂದು ಆಲಪ್ಪುಳದ ಬಳಿ 5 ಮೀನುಗಾರರ ಸಾವಿಗೆ ಕಾರಣವಾದ ‘ಪ್ರಭು ದಯಾ’ ಹಡಗನ್ನೂ, 2017ರ ಜೂನ್ 11ರಂದು ಕೊಚ್ಚಿಯ ಹೊರಗೆ ‘ಕಾರ್ಮೆಲ್ ಮಾತಾ’ ಬೋಟಿಗೆ ಬಡಿದ ‘ಆಂಬರ್ ಎಲ್’ ಹಡಗನ್ನೂ ಪತ್ತೆ ಹಚ್ಚಲು ಸಾಧ್ಯವಾದುದು ಹಡಗುಗಳ ಚಲನೆಯ ದಾಖಲೆ ಲಭ್ಯವಿದ್ದುದರಿಂದ. ಸಮುದ್ರದ ಅಪಘಾತದಲ್ಲಿ ಹಾನಿ ತುಂಬಿಕೊಡುವವರು ಯಾರೆಂಬುದು ಬಹುಮಟ್ಟಿಗೆ ಈ ದಾಖಲೆಯ ಮೇಲೆ ನಿಂತಿದೆ.

ಆರು ನಿಮಿಷದ ಲೆಕ್ಕ

ಇಷ್ಟು ವಿಶಾಲವಾದ ಸಮುದ್ರದಲ್ಲಿ ಎರಡು ನೌಕೆಗಳು ಹೇಗೆ ಡಿಕ್ಕಿಯಾಗುತ್ತವೆ ಎಂದು ದಡದಲ್ಲಿರುವವರು ಕೇಳುವುದುಂಟು. ಉತ್ತರ ಸರಳ ಅಂಕಗಣಿತದಲ್ಲಿದೆ. ಅಂತಾರಾಷ್ಟ್ರೀಯ ಡಿಕ್ಕಿ ತಡೆ ನಿಯಮಗಳ (1972) ಪ್ರಕಾರ 12ರಿಂದ 50 ಮೀಟರ್ ಉದ್ದದ ಬೋಟಿನ ಮೀನುಗಾರಿಕಾ ದೀಪಗಳು ಕನಿಷ್ಠ 2 ಮೈಲು ದೂರದಿಂದ ಕಾಣಬೇಕು. 20 ನಾಟ್ ವೇಗದ ಕಂಟೇನರ್ ಹಡಗು ಆ 2 ಮೈಲನ್ನು 6 ನಿಮಿಷದಲ್ಲಿ ಕ್ರಮಿಸುತ್ತದೆ. ತುಂಬಿದ ದೊಡ್ಡ ಹಡಗು ಎಂಜಿನನ್ನು ಹಿಮ್ಮುಖ ಓಡಿಸಿದರೂ ನಿಲ್ಲಲು ಕಿಲೋಮೀಟರುಗಟ್ಟಲೆ ದೂರ ಬೇಕು. ಹಡಗಿನ ಮೂತಿಯ ಮುಂದೆ 500 ಮೀಟರ್‌ವರೆಗಿನ ನೀರು ಚಾಲಕರ ಕೊಠಡಿಗೆ ಕಾಣದಿರಬಹುದೆಂದು ನಿಯಮವೇ ಒಪ್ಪುತ್ತದೆ. ಹೀಗಾಗಿ ಹಡಗಿನವರ ಕೈಯಲ್ಲಿ ನಿಜವಾಗಿ ಉಳಿಯುವುದು ಎರಡು ಮೂರು ನಿಮಿಷ. ಆ ಹೊತ್ತಿನಲ್ಲಿ ಬೋಟಿನ ತಾಂಡೇಲನೂ ಕಲಾಸಿಗಳೂ ಬಲೆ ಎಳೆದು ದಣಿದು ನಿದ್ರೆಯಲ್ಲಿದ್ದರೆ ಹೇಳುವುದಕ್ಕೇನೂ ಇಲ್ಲ.

ನಿಯಮದ ಪ್ರಕಾರ ಯಂತ್ರಚಾಲಿತ ಹಡಗು ಮೀನು ಹಿಡಿಯುತ್ತಿರುವ ಬೋಟಿಗೆ ದಾರಿ ಬಿಡಬೇಕು. ಈ ಮಾತನ್ನು ಬೋಟಿನವರು ಬಲ್ಲರು. ಆದರೆ ಇದರ ಷರತ್ತುಗಳನ್ನು ಬಲ್ಲವರು ಕಡಿಮೆ. ಮೊದಲನೆಯದಾಗಿ, ಬಲೆ ನೀರಿನಲ್ಲಿದ್ದು ಬೋಟಿನ ತಿರುಗುವಿಕೆಗೆ ಅಡ್ಡಿಯಾಗಿದ್ದರೆ ಮಾತ್ರ ಈ ಆದ್ಯತೆ. ಬಲೆ ಎತ್ತಿ ಬಂದರಿಗೆ ಮರಳುವ ಬೋಟು ನಿಯಮದ ಕಣ್ಣಿನಲ್ಲಿ ಬೇರೆ ಯಾವುದೇ ಯಂತ್ರದೋಣಿಯಂತೆಯೇ. ಎರಡನೆಯದಾಗಿ, ತಾನು ಮೀನು ಹಿಡಿಯುತ್ತಿದ್ದೇನೆಂದು ಬೋಟು ದೀಪದಿಂದ ಸಾರಬೇಕು: ಟ್ರಾಲ್ ಬಲೆ ಎಳೆಯುವ ಬೋಟಿಗೆ ಮೇಲೆ ಹಸಿರು, ಕೆಳಗೆ ಬಿಳಿ, ಇತರ ಬಲೆಗಳ ಬೋಟಿಗೆ ಮೇಲೆ ಕೆಂಪು, ಕೆಳಗೆ ಬಿಳಿ. ಅಟ್ಟದ ಮೇಲೆ ಕಣ್ಣು ಕೋರೈಸುವ ದೊಡ್ಡ ದೀಪ ಉರಿಯುತ್ತಿದ್ದರೆ ಈ ಸಣ್ಣ ದೀಪಗಳು ಅದರಲ್ಲಿ ಕರಗಿಹೋಗುತ್ತವೆ. ಅಲ್ಲದೆ ಬೋಟಿನವರ ಕಣ್ಣಿಗೂ ಹೊರಗಿನ ಕತ್ತಲೆ ಇನ್ನಷ್ಟು ದಟ್ಟವಾಗುತ್ತದೆ.

ಅಪಾಯವನ್ನು ಗುರುತಿಸುವ ಹಳೆಯ ಉಪಾಯಕ್ಕೆ ಯಾವ ಯಂತ್ರವೂ ಬೇಡ. ದೂರದ ಹಡಗಿನ ದೀಪವನ್ನು ಬೋಟಿನ ಕಂಬಕ್ಕೋ ಅಂಚಿಗೋ ಹೊಂದಿಸಿ ನೋಡುವುದು. ಕೆಲವು ನಿಮಿಷಗಳ ಬಳಿಕ ದೀಪ ಮುಂದಕ್ಕೋ ಹಿಂದಕ್ಕೋ ಸರಿದಿದ್ದರೆ ಹಡಗು ಸಾಮಾನ್ಯವಾಗಿ ಹಾದುಹೋಗುತ್ತದೆ. ದೀಪ ಅಲ್ಲೇ ನಿಂತು ದೊಡ್ಡದಾಗುತ್ತಿದ್ದರೆ ಅದು ಬರುತ್ತಿರುವುದು ಬೋಟಿನ ಮೇಲೆಯೇ.

ಸರಕು ಹಡಗುಗಳ ದಾರಿಯನ್ನೂ ಮೀನುಗಾರಿಕೆಯ ನೀರನ್ನೂ ಬೇರ್ಪಡಿಸುವ ಉದ್ದೇಶದಿಂದ ನೌಕಾಯಾನ ಮಹಾನಿರ್ದೇಶನಾಲಯವು ನೈಋತ್ಯ ಕರಾವಳಿಗೆ ಶಿಫಾರಸು ಮಾಡಿದ ಮಾರ್ಗಗಳನ್ನು 2020ರ ಆಗಸ್ಟ್ 1ರಿಂದ ಜಾರಿಗೆ ತಂದಿತು. ‘ರಬಾ’ ದುರಂತ ನಡೆದುದು ಇದಾದ 8 ತಿಂಗಳ ಮೇಲೆ. ನಕ್ಷೆಯಲ್ಲಿ ಗೆರೆ ಎಳೆದ ಮಾತ್ರಕ್ಕೆ ಮೀನು ಆ ಗೆರೆಯ ಈಚೆಗೆ ಬರುವುದಿಲ್ಲ. ಮೀನು ಹೋದಲ್ಲಿಗೆ ಬೋಟು ಹೋಗುತ್ತದೆ.

ಬೋಟಿಗೆ ಬೇಕಾದ ಸಾಧನಗಳ ವಿಷಯದಲ್ಲಿ ಒಂದು ಗೊಂದಲ ಪರಿಹಾರವಾಗಬೇಕು. ಇಸ್ರೋ ಅಭಿವೃದ್ಧಿಪಡಿಸಿದ ಟ್ರಾನ್ಸ್‌ಪಾಂಡರ್‌ಗಳನ್ನು 1 ಲಕ್ಷ ಬೋಟುಗಳಿಗೆ ಅಳವಡಿಸುವ ಯೋಜನೆಯನ್ನು ಪ್ರಧಾನಿ 2024ರ ಆಗಸ್ಟ್ 30ರಂದು ಪಾಲ್ಘರ್‌ನಲ್ಲಿ ಉದ್ಘಾಟಿಸಿದರು. ಇದು ಉಪಗ್ರಹದ ಮೂಲಕ ಬೋಟಿಗೂ ದಡಕ್ಕೂ ಸಂಪರ್ಕ ಕಲ್ಪಿಸುತ್ತದೆ; ಆಪತ್ತಿನ ಸಂದೇಶ ಕಳುಹಿಸಲು, ಸ್ಥಾನ ದಾಖಲಾಗಲು ಉಪಯುಕ್ತ. ಎದುರಿನ ಹಡಗಿನ ಪರದೆಯಲ್ಲಿ ಬೋಟು ಕಾಣಿಸಿಕೊಳ್ಳಬೇಕಾದರೆ ಬೇಕಾದುದು ಎಐಎಸ್ ಎಂಬ ಸ್ವಯಂಚಾಲಿತ ಗುರುತು ಯಂತ್ರ. ಒಂದು ಇದೆಯೆಂದು ಇನ್ನೊಂದನ್ನು ಬಿಡುವಂತಿಲ್ಲ.

ಮೂರನೆಯದು ರೇಡಾರ್ ಪ್ರತಿಫಲಕ. ಇದು ಈ ಭಾಗದ ಸಣ್ಣ ಕಾರ್ಖಾನೆಗಳವರು ಗಮನಿಸಬೇಕಾದ ವಸ್ತು. ಮರದ ಅಥವಾ ಫೈಬರ್ ಬೋಟು ರೇಡಾರ್ ಅಲೆಯನ್ನು ಚೆನ್ನಾಗಿ ಹಿಂದಿರುಗಿಸುವುದಿಲ್ಲ. ಮಳೆಗಾಲದ ಅಲೆಗಳ ನಡುವೆ ಹಡಗಿನ ಪರದೆಯಲ್ಲಿ ಅದು ಕಾಣದೆಯೇ ಹೋಗಬಹುದು. ಮೂರು ಲೋಹದ ತಗಡುಗಳನ್ನು ಒಂದಕ್ಕೊಂದು ನೇರ ಲಂಬಕೋನದಲ್ಲಿ ಕೂಡಿಸಿದರೆ ಆಗುವ ಮೂಲೆ, ಬಂದ ಅಲೆಯನ್ನು ಬಂದ ದಿಕ್ಕಿಗೇ ತಿರುಗಿಸುತ್ತದೆ. ಇಂಥ ಎಂಟು ಮೂಲೆಗಳ ಅಷ್ಟಮುಖಿಯನ್ನು ಕಂಬದ ಮೇಲೆ ಕಟ್ಟಿದರೆ ಸಾಕು. ವಿದ್ಯುತ್ ಬೇಡ, ಪರವಾನಗಿಯೂ ಬೇಡ. ತಗಡಿನ ಅಂಚಿನ ಉದ್ದವನ್ನು ಇಮ್ಮಡಿಸಿದರೆ ಪ್ರತಿಫಲನ 16 ಪಟ್ಟಾಗುತ್ತದೆ. ಆದರೆ ಕೋನ ಒಂದೆರಡು ಡಿಗ್ರಿ ತಪ್ಪಿದರೂ ಪ್ರಯೋಜನ ಬಹಳ ಕುಗ್ಗುವುದರಿಂದ ಅಂದಾಜಿನ ಬೆಸುಗೆ ಇಲ್ಲಿ ನಡೆಯದು. ಅಲ್ಯೂಮಿನಿಯಂ ತಗಡು ಕತ್ತರಿಸಿ ಬಾಗಿಸಬಲ್ಲ ಯಾವ ವರ್ಕ್‌ಶಾಪಿನಲ್ಲಿಯೂ, ಸರಿಯಾದ ಅಚ್ಚು ಇಟ್ಟುಕೊಂಡರೆ, ಇದನ್ನು ತಯಾರಿಸಬಹುದು.

ಮುಳುಗಿದ ಮೇಲೆ

ಹಡಗು ಮುಳುಗಿದೊಡನೆ ಅಪಘಾತ ಮುಗಿಯಿತೆಂದು ತಿಳಿಯುವುದು ತಪ್ಪು. 2002ರ ಡಿಸೆಂಬರ್ 14ರಂದು ಇಂಗ್ಲಿಷ್ ಕಾಲುವೆಯಲ್ಲಿ ‘ಕರಿಬಾ’ ಎಂಬ ಹಡಗು ಬಡಿದು, 2,800ಕ್ಕೂ ಹೆಚ್ಚು ಹೊಸ ಕಾರುಗಳನ್ನು ಹೊತ್ತ ‘ಟ್ರೈಕಲರ್’ ಮುಳುಗಿತು. ಎರಡೇ ದಿನಗಳಲ್ಲಿ ‘ನಿಕೋಲಾ’ ಎಂಬ ಹಡಗು ಅದರ ಮೇಲೆ ಏರಿತು. 2003ರ ಜನವರಿ 1ರಂದು ‘ವಿಕಿ’ ಎಂಬ ತೈಲ ಹಡಗೂ ಹಾಗೆಯೇ ಏರಿತು. ಕಾವಲು ನೌಕೆಗಳಿದ್ದವು, ತೇಲುಗುರುತುಗಳಿದ್ದವು, ರೇಡಿಯೊ ಎಚ್ಚರಿಕೆಯೂ ಇತ್ತು. ಆ ಅನುಭವದ ಮೇಲೆ ಹೊಸ ಮುಳುಗಡೆಗೆಂದೇ ನೀಲಿ-ಹಳದಿ ಪಟ್ಟೆಗಳ, ನೀಲಿ ಮತ್ತು ಹಳದಿ ಬೆಳಕನ್ನು ಒಂದಾದ ಮೇಲೊಂದರಂತೆ ಮಿನುಗಿಸುವ ತೇಲುಗುರುತನ್ನು ಜಗತ್ತಿನಾದ್ಯಂತ ರೂಢಿಗೆ ತರಲಾಯಿತು. ಕಪ್ಪು ಬಣ್ಣದ ನಡುವೆ ಕೆಂಪು ಪಟ್ಟೆ, ಮೇಲೆ ಎರಡು ಕಪ್ಪು ಗುಂಡುಗಳು ಇರುವುದು ಒಂಟಿ ಅಪಾಯದ ಶಾಶ್ವತ ಗುರುತು. ತಾಂಡೇಲರು ಇವೆರಡನ್ನೂ ಕಣ್ಣಿಗೆ ರೂಢಿಸಿಕೊಂಡಿರಬೇಕು.

ಕರ್ನಾಟಕದ ಕರಾವಳಿಯಲ್ಲಿಯೇ ಇಂಥ ಉದಾಹರಣೆಗಳಿಗೆ ಕೊರತೆಯಿಲ್ಲ. 2006ರ ಮೇ 30ರಂದು ಕಾರವಾರದ ಆಯ್ಸ್ಟರ್ ರಾಕ್ ಬಂಡೆಗಳಿಗೆ ‘ಓಷನ್ ಸೆರಾಯಾ’ ಬಡಿದು ಸುಮಾರು 650 ಟನ್ ಎಣ್ಣೆ ಸೋರಿತು. ಅದರ ಜಿಡ್ಡು ನೆರೆಯ ಗೋವಾದ ದಂಡೆಗೂ ತಲುಪಿತು. ನವಮಂಗಳೂರು ಬಂದರಿನ ಹೊರಗೆ 2007ರಲ್ಲಿ ‘ಡೆನ್ ಡೆನ್’ ಮತ್ತು ‘ಚಾಂಗ್ ಲೆ ಮೆನ್’, 2009ರ ಜುಲೈನಲ್ಲಿ ಕಬ್ಬಿಣದ ಅದಿರಿನ ಪುಡಿ ತುಂಬಿದ್ದ ‘ಏಷ್ಯನ್ ಫಾರೆಸ್ಟ್’ ಮುಳುಗಿದವು. 2022ರ ಜೂನ್‌ನಲ್ಲಿ ಉಕ್ಕಿನ ಸುರುಳಿಗಳನ್ನು ಹೊತ್ತ ‘ಪ್ರಿನ್ಸೆಸ್ ಮಿರಾಲ್’ ಉಳ್ಳಾಲದ ಬಳಿ ತಳ ಸೇರಿತು. ಇವು ಡಿಕ್ಕಿಗಳಲ್ಲ, ಮಳೆಗಾಲ, ಒದ್ದೆ ಅದಿರು, ಸೋರುವ ಹಲಗೆ ಹೀಗೆ ಬೇರೆ ಬೇರೆ ಕಾರಣಗಳು. ಆದರೆ ತಳದಲ್ಲಿ ಬಿದ್ದ ಕಬ್ಬಿಣಕ್ಕೆ ಕಾರಣದ ಭೇದವಿಲ್ಲ. ಟ್ರಾಲ್ ಬಲೆ ಅದಕ್ಕೆ ಸಿಕ್ಕಿದರೆ ಬಲೆಯೂ ಹಗ್ಗವೂ ಹೋಗುತ್ತವೆ. ಗಾಳಿಯ ದಿನವಾದರೆ ಬೋಟೇ ಮಗುಚುವ ಅಪಾಯವಿದೆ.

2025ರ ಮೇ 25ರಂದು ಕೇರಳದ ಹೊರಗೆ ಮುಳುಗಿದ ‘ಎಂಎಸ್‌ಸಿ ಎಲ್ಸಾ 3’ ಈ ವಿಷಯವನ್ನು ವ್ಯಾಪಾರಿಗಳ ಮನೆಬಾಗಿಲಿಗೆ ತಂದಿತು. ಅದರಲ್ಲಿದ್ದ 640 ಕಂಟೇನರ್‌ಗಳಲ್ಲಿ 13 ಅಪಾಯಕಾರಿ ಸರಕಿನವು; ಇಂಧನವಾಗಿ 367 ಟನ್ ಫರ್ನೇಸ್ ಆಯಿಲ್, 84 ಟನ್ ಡೀಸೆಲ್ ಇದ್ದವು. ಕಂಟೇನರ್‌ಗಳು ದಡಕ್ಕೆ ಬಂದು ಬಿದ್ದವು, ಪ್ಲಾಸ್ಟಿಕ್ ಹರಳುಗಳು ಮರಳಿಗೆ ಬೆರೆತವು, ಮುಳುಗಡೆಯ ಸುತ್ತ 20 ನಾಟಿಕಲ್ ಮೈಲು ಮೀನುಗಾರಿಕೆಗೆ ನಿರ್ಬಂಧ ಬಂತು. ಮೀನು ತಿನ್ನಬಹುದೇ ಎಂಬ ಸಂಶಯ ಎಲ್ಲಕ್ಕಿಂತ ಬೇಗ ಮಾರುಕಟ್ಟೆಗೆ ತಲುಪಿತು. ಜೂನ್ 9ರಂದು ಕಣ್ಣೂರಿನ ಹೊರಗೆ ಬೆಂಕಿ ಬಿದ್ದ ‘ವಾನ್ ಹೈ 503’ ಹಡಗಿನಿಂದ ಪಾರಾದ 18 ಮಂದಿಯನ್ನು ಕರೆತಂದುದು ಮಂಗಳೂರಿಗೆ. ಎರಡೂ ನಡೆದುದು ಮಳೆಗಾಲದ ಹೊಸ್ತಿಲಿನಲ್ಲಿ. ಆಗ ಪಶ್ಚಿಮ ಕರಾವಳಿಯ ಪ್ರವಾಹ ದಕ್ಷಿಣಕ್ಕೆ ಹರಿಯುತ್ತದೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಅದೇ ಪ್ರವಾಹ ಉತ್ತರಕ್ಕೆ ತಿರುಗುತ್ತದೆ. ಅಂದರೆ ಮೀನಿನ ಹಂಗಾಮಿನ ನಡುವೆ ಇಂಥದೊಂದು ಸಂಭವಿಸಿದರೆ ಭಟ್ಕಳ, ಹೊನ್ನಾವರಗಳ ಮೀನು ವ್ಯಾಪಾರ, ಮಂಜುಗಡ್ಡೆ ಕಾರ್ಖಾನೆ, ಮೀನುಹಿಟ್ಟಿನ ಘಟಕಗಳು ಪೆಟ್ಟಿನ ನೇರ ದಾರಿಯಲ್ಲಿರುತ್ತವೆ.

ದಡಕ್ಕೆ ಬಂದ ಪೆಟ್ಟಿಗೆ ಅಥವಾ ಮೂಟೆಯನ್ನು ಸಿಕ್ಕವರ ಸ್ವತ್ತೆಂದು ಭಾವಿಸುವ ಪದ್ಧತಿ ಎಲ್ಲ ಕರಾವಳಿಯಲ್ಲೂ ಇದೆ. ಕಾನೂನು ಹಾಗೆ ಹೇಳುವುದಿಲ್ಲ. ಸಿಕ್ಕ ವಸ್ತುವಿನ ಮಾಹಿತಿಯನ್ನು ‘ರಿಸೀವರ್ ಆಫ್ ರೆಕ್’ ಅಧಿಕಾರಿಗೆ ತಿಳಿಸಬೇಕು. ಕಸ್ಟಮ್ಸ್ ಕಾಯ್ದೆಯ 21ನೆಯ ಕಲಮಿನಂತೆ ಕಡಲು ತಂದು ಹಾಕಿದ ಸರಕೂ ಆಮದು ಸರಕೇ. ಅದನ್ನು ಅಗ್ಗಕ್ಕೆ ಕೊಂಡ ವ್ಯಾಪಾರಿಯೂ ಸುಂಕದ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ.

ಅವಶೇಷವನ್ನು ತೆಗೆಯುವ ಹೊಣೆ ಹಡಗಿನ ಒಡೆಯನದು. 2007ರಲ್ಲಿ ನೈರೋಬಿಯಲ್ಲಿ ಆದ ಅಂತಾರಾಷ್ಟ್ರೀಯ ಒಪ್ಪಂದ 2015ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಿತು. ಭಾರತ 2011ರಲ್ಲಿಯೇ ಅದನ್ನು ಒಪ್ಪಿಕೊಂಡಿತ್ತು. 300 ಟನ್ನೇಜ್‌ಗೆ ಮೇಲ್ಪಟ್ಟ ಹಡಗುಗಳು ಇದಕ್ಕೆಂದೇ ವಿಮೆ ಹೊಂದಿರಬೇಕು. ಮೀನುಗಾರಿಕಾ ಬೋಟುಗಳು ಈ ಲೆಕ್ಕದೊಳಗೆ ಬರುವುದೇ ಇಲ್ಲ. ಶರಾವತಿಯಂಥ ಅಳಿವೆಗಳ ಮರಳುದಿಬ್ಬದಲ್ಲಿ ಬೋಟು ಮಗುಚಿ ಮುಳುಗಿದರೆ ಅದನ್ನು ಎತ್ತಿಸುವ ವೆಚ್ಚ ಮಾಲಕನ ತಲೆಗೇ ಬರುತ್ತದೆ. ಅವನಿಗೆ ಶಕ್ತಿಯಿಲ್ಲದಿದ್ದರೆ ಅದು ಅಲ್ಲೇ ಉಳಿದು ಮುಂದಿನ ಬೋಟಿಗೆ ಅಪಾಯವಾಗುತ್ತದೆ.

ಸರಕಿನ ಒಡೆಯನ ಪಾಡು

ಕುಮಟಾದ ಗೇರುಬೀಜ ಕಾರ್ಖಾನೆಗಳಿಗೆ ಸ್ಥಳೀಯ ಬೆಳೆ ಸಾಲದು. ಆಫ್ರಿಕಾದ ಕಚ್ಚಾ ಬೀಜ ಹಡಗಿನಲ್ಲಿಯೇ ಬರಬೇಕು. ‘ಎಲ್ಸಾ 3’ರಲ್ಲಿಯೂ ಗೇರುಬೀಜವಿತ್ತು. ಅದನ್ನು ಕಳೆದುಕೊಂಡ ಆಮದುದಾರರು ಕೇರಳ ಉಚ್ಚ ನ್ಯಾಯಾಲಯಕ್ಕೆ ಹೋದರು. ಸುಮಾರು 6 ಕೋಟಿ ರೂಪಾಯಿಯ ಭದ್ರತೆಗಾಗಿ ಅದೇ ಸಮೂಹದ ಇನ್ನೊಂದು ಹಡಗನ್ನು ತಡೆಹಿಡಿಯಲು 2025ರ ಜೂನ್‌ನಲ್ಲಿ ಆದೇಶವಾಯಿತು. ರಾಜ್ಯ ಸರ್ಕಾರ ಪ್ರತ್ಯೇಕವಾಗಿ 9,531 ಕೋಟಿ ರೂಪಾಯಿಯ ದಾವೆ ಹೂಡಿತು. 2017ರ ಅಡ್ಮಿರಾಲ್ಟಿ ಕಾಯ್ದೆಯಂತೆ ಹಡಗು ತಡೆಹಿಡಿಯುವ ಇದೇ ಅಧಿಕಾರ ಕರ್ನಾಟಕ ಉಚ್ಚ ನ್ಯಾಯಾಲಯಕ್ಕೂ ಇದೆಯೆಂಬುದು ಇಲ್ಲಿನ ಅನೇಕ ವರ್ತಕರಿಗೆ ತಿಳಿದಿಲ್ಲ. ಆದರೆ ಹಡಗು ರಾಜ್ಯದ ನೀರಿನಲ್ಲಿ ಇರುವಾಗಲೇ ಅರ್ಜಿ ಹೋಗಬೇಕು.

ದಾವೆಗಿಂತ ಮೊದಲು ನೋಡಬೇಕಾದುದು ಖರೀದಿ ಕರಾರು. ಸಿಐಎಫ್ ಅಥವಾ ಸಿ ಆಂಡ್ ಎಫ್ ಎಂದರೆ ಸರಕು ತನ್ನ ಬಂದರಿಗೆ ಬರುವವರೆಗೆ ಅಪಾಯ ಮಾರಿದವನದೆಂದು ಹಲವರು ನಂಬಿದ್ದಾರೆ. ಅದು ತಪ್ಪು. ಎರಡರಲ್ಲಿಯೂ ಸರಕು ಅಲ್ಲಿಯ ಹಡಗನ್ನೇರಿದ ಗಳಿಗೆಯಿಂದ ಅಪಾಯ ಕೊಂಡವನದು. ಸಿ ಆಂಡ್ ಎಫ್‌ನಲ್ಲಿ ವಿಮೆಯನ್ನೂ ಕೊಂಡವನೇ ಮಾಡಿಸಬೇಕು. ಸಿಐಎಫ್‌ನಲ್ಲಿ ಮಾರಿದವನು ಮಾಡಿಸುವುದು ಸಾಮಾನ್ಯವಾಗಿ ಕನಿಷ್ಠ ದರ್ಜೆಯ ‘ಸಿ’ ಷರತ್ತಿನ ವಿಮೆ. ಮುಳುಗಡೆ, ಡಿಕ್ಕಿ, ಬೆಂಕಿ ಅದರಲ್ಲಿ ಸೇರಿವೆ, ಸಮುದ್ರದ ನೀರು ನುಗ್ಗಿ ನೆನೆದ ನಷ್ಟ ಸೇರಿಲ್ಲ. ಗೇರುಬೀಜಕ್ಕೆ ನೀರು ತಾಗುವುದೇ ದೊಡ್ಡ ಭಯವಾದುದರಿಂದ ‘ಎ’ ಷರತ್ತಿನ ಪಾಲಿಸಿಗೆ ಹೆಚ್ಚು ಕೊಡುವ ಪ್ರೀಮಿಯಂ ದುಂದುವೆಚ್ಚವಲ್ಲ.

ಹಡಗು ಕಂಪನಿಯಿಂದ ಪೂರ್ತಿ ಹಾನಿ ಬರುವುದೆಂಬ ಭರವಸೆಯೂ ಬೇಡ. ಸಮುದ್ರ ಸಾಗಣೆಯ ಅಂತಾರಾಷ್ಟ್ರೀಯ ನಿಯಮಗಳ ಪ್ರಕಾರ ಕಪ್ತಾನನ ನೌಕಾಚಾಲನೆಯ ತಪ್ಪಿನಿಂದಾದ ನಷ್ಟಕ್ಕೆ ಸಾಗಣೆದಾರ ಹೊಣೆಯಲ್ಲ. ಡಿಕ್ಕಿಯಾದರೆ ಮೊದಲು ಎದ್ದುಬರುವ ಪ್ರತಿವಾದ ಇದೇ. ದಾವೆಯ ಗಡುವು 1 ವರ್ಷ. ಸರಕು ಸುರಕ್ಷಿತವಾಗಿ ಬಂದರೂ ಖರ್ಚು ತಪ್ಪದ ಸಂದರ್ಭವೂ ಉಂಟು: ಹಡಗನ್ನು ಉಳಿಸಲು ಮಾಡಿದ ವೆಚ್ಚವನ್ನು ಹಡಗೂ ಎಲ್ಲ ಸರಕೂ ಮೌಲ್ಯಾನುಸಾರ ಹಂಚಿಕೊಳ್ಳಬೇಕು. ‘ಜನರಲ್ ಆವರೇಜ್’ ಎನ್ನುವುದು ಇದನ್ನೇ. ವಿಮೆ ಇದ್ದವನ ಪರವಾಗಿ ಕಂಪನಿ ಖಾತರಿ ಪತ್ರ ಕೊಡುತ್ತದೆ. ಇಲ್ಲದವನು ನಗದು ಠೇವಣಿ ಇಡದೆ ಸರಕು ಬಿಡಿಸಿಕೊಳ್ಳಲಾರ. 2010ರ ಆಗಸ್ಟ್ 7ರಂದು ಮುಂಬಯಿ ಬಂದರಿನ ಬಾಯಲ್ಲಿ ‘ಎಂಎಸ್‌ಸಿ ಚಿತ್ರಾ’ ಮತ್ತು ‘ಖಲೀಜಿಯಾ 3’ ಡಿಕ್ಕಿಯಾಗಿ ನೂರಾರು ಕಂಟೇನರ್‌ಗಳು ನೀರಿಗೆ ಬಿದ್ದಾಗ ಎರಡು ದೊಡ್ಡ ಬಂದರುಗಳ ಹಡಗು ಸಂಚಾರವೇ ದಿನಗಟ್ಟಲೆ ನಿಂತಿತು. ಆ ವಿಳಂಬದಿಂದ ಆದ ನಷ್ಟ ಸಾಮಾನ್ಯ ಸರಕು ವಿಮೆಯೊಳಗೆ ಬರುವುದಿಲ್ಲ.

ಬೋಟಿನ ಮಾಲಕರಿಗೆ ಸಮಯ ಇನ್ನೂ ಕಡಿಮೆ. ದೊಡ್ಡ ಹಡಗುಗಳಲ್ಲಿ ವಿಮಾನದ ಕಪ್ಪುಪೆಟ್ಟಿಗೆಯಂಥ ದಾಖಲೆ ಯಂತ್ರವಿರುತ್ತದೆ. ಹಳೆಯ ಯಂತ್ರಗಳು ಕನಿಷ್ಠ 12 ಗಂಟೆಯ, 2014ರ ಜುಲೈ ನಂತರದವು ರಕ್ಷಿತ ಪೆಟ್ಟಿಗೆಯಲ್ಲಿ ಕನಿಷ್ಠ 48 ಗಂಟೆಯ ಮಾಹಿತಿಯನ್ನು ಉಳಿಸಿಕೊಳ್ಳಬೇಕೆಂಬುದು ನಿಯಮ; ಆಮೇಲೆ ಅದರ ಮೇಲೆಯೇ ಹೊಸದು ಬರೆದುಕೊಳ್ಳಬಹುದು. ಆದ್ದರಿಂದ ಬೋಟಿನ ಸದ್ದಡಗಿದ ಕೂಡಲೇ ಕೋಸ್ಟ್ ಗಾರ್ಡಿನ 1554 ಸಂಖ್ಯೆಗೆ ತಿಳಿಸಿ, ಮೀನುಗಾರಿಕಾ ಇಲಾಖೆಗೂ ಕರಾವಳಿ ಕಾವಲು ಪೊಲೀಸರಿಗೂ ಲಿಖಿತ ದೂರು ಕೊಡಬೇಕು. ಎರಡು ದಿನ ಕಾದು ನೋಡೋಣವೆಂಬ ರೂಢಿ ಇಲ್ಲಿ ನಷ್ಟದ ಬಾಬತ್ತು. ಬೋಟಿನ ಮೇಲಿರುವವರ ಹೆಸರು, ಹೊರಟ ಹೊತ್ತು, ದಿನಕ್ಕೆರಡು ಬಾರಿಯಾದರೂ ತಿಳಿದ ಸ್ಥಾನ, ಇವನ್ನು ಮಾಲಕನ ಕಚೇರಿಯಲ್ಲಿ ಒಂದು ಪುಸ್ತಕದಲ್ಲಿ ಬರೆದಿಡಲು ಖರ್ಚಿಲ್ಲ. ವಿಮಾ ಪಾಲಿಸಿಯ ವ್ಯಾಪ್ತಿ ಬೋಟು ನಿಜವಾಗಿ ಹೋಗುವ ನೀರಿಗೆ ಅನ್ವಯಿಸುತ್ತದೆಯೇ ಎಂಬುದನ್ನೂ ಹಂಗಾಮಿಗೆ ಮೊದಲೇ ಓದಿಕೊಳ್ಳಬೇಕು; ಮಲ್ಪೆಯಿಂದ ಹೊರಟ ಬೋಟು ಮಹಾರಾಷ್ಟ್ರದ ನೀರಿನಲ್ಲಿ ಮುಳುಗಿದ್ದನ್ನು ಮರೆಯುವಂತಿಲ್ಲ.

ಮೀನುಗಾರರಿಗೆ ಸರ್ಕಾರವೇ ಪ್ರೀಮಿಯಂ ತೆರುವ ಗುಂಪು ಅಪಘಾತ ವಿಮೆಯಲ್ಲಿ ಸಾವಿಗೆ 5 ಲಕ್ಷ ರೂಪಾಯಿ ಇದೆ. ಅದಕ್ಕೆ ಕಲಾಸಿಯ ಹೆಸರು ನೋಂದಣಿಯಾಗಿರಬೇಕು, ಸಾವು ದಾಖಲಾಗಬೇಕು. ಶವ ಸಿಗದಾಗ ತೊಡಕು ಆರಂಭವಾಗುವುದು ಇಲ್ಲಿಯೇ. ಸಾಕ್ಷ್ಯ ಕಾನೂನಿನ ಸಾಮಾನ್ಯ ನಿಯಮದಂತೆ 7 ವರ್ಷ ಸುದ್ದಿಯಿಲ್ಲದವನು ಬದುಕಿದ್ದಾನೆಂದು ಹೇಳುವವನೇ ಅದನ್ನು ರುಜುವಾತು ಮಾಡಬೇಕು. ಅದಕ್ಕೆ ಮೊದಲು ಸತ್ತಿದ್ದಾನೆಂದು ತೋರಿಸುವ ಭಾರ ಕುಟುಂಬದ್ದು. ‘ಸುವರ್ಣ ತ್ರಿಭುಜ’ದವರ ಮಟ್ಟಿಗೆ ಆ 7 ವರ್ಷ ತುಂಬಿದುದು 2025ರ ಡಿಸೆಂಬರ್‌ನಲ್ಲಿ.